ಬರಕ್ಕೆ ಗಿಡ ತಾನೇ ಮಾಡಿಕೊಳ್ಳುವ ಮದ್ದು

“ಅಕ್ಕ, ಎಲೆ ಎಲ್ಲ ಬಾಡಿ ಜೋತುಬಿದ್ದಿದೆ. ಆ್ಯಂಟಿಆಕ್ಸಿಡೆಂಟ್ ಅಂತ ಒಂದು ಬಾಟಲಿ ಬಂದಿದೆಯಂತೆ, ಹೊಡೆಸ್ಲಾ?”

ಮಾರ್ಚ್ ತಿಂಗಳಲ್ಲಿ ಪಕ್ಕದ ತೋಟದ ಹುಡುಗ ಬೇಲಿ ಆಚೆಯಿಂದಲೇ ಕೇಳಿದ ಪ್ರಶ್ನೆ ಇದು. ಅವನ ಮೊಬೈಲ್‌ನಲ್ಲಿ ಹಸಿರು ಬಾಟಲಿಯ ಫೋಟೊ ಇತ್ತು. ಅದರ ಮೇಲೆ ಬರಗಾಲ, ಬಿಸಿಲು, ಉಪ್ಪು ಎಲ್ಲದಕ್ಕೂ ರಕ್ಷಣೆ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ಡಿಗ್ರಿಯಲ್ಲಿ ಸಸ್ಯಶಾಸ್ತ್ರ ಓದಿದವಳು, ಆಮೇಲೆ ಕೊಡಗಿನ ಸುಂಟಿಕೊಪ್ಪದ ಹತ್ತಿರ ಅಪ್ಪನ ಕಾಫಿ ತೋಟ ನೋಡಿಕೊಂಡು ಇರುವವಳು. ಹಾಗಾಗಿ ಸುತ್ತಮುತ್ತಲಿನವರು ಇಂಥ ಪ್ರಶ್ನೆಗಳನ್ನೆಲ್ಲ ನನ್ನ ಹತ್ತಿರ ತರುತ್ತಾರೆ. ಅವತ್ತು “ಸ್ವಲ್ಪ ತಡಿ, ನೋಡಿ ಹೇಳ್ತೀನಿ” ಅಂದೆ. ಎರಡು ಮಾತಲ್ಲಿ ಮುಗಿಯುವ ಉತ್ತರ ಅಲ್ಲ ಅದು. ಆ್ಯಂಟಿಆಕ್ಸಿಡೆಂಟ್ ಅಂದರೆ ಎಲೆಯೊಳಗೆ ಹುಟ್ಟಿ ಸುಡುವ ಆಮ್ಲಜನಕದ ವಸ್ತುಗಳನ್ನು ಆರಿಸುವ ಮದ್ದು. ಒಣಭೂಮಿಯ ಗಿಡಗಳು ಇದನ್ನು ಬಳಸಿಕೊಂಡೇ ಬರವನ್ನು ದಾಟುತ್ತವೆ ಅನ್ನುವುದು ನಿಜ. ಆದರೆ ಅದನ್ನು ಹೊರಗಿನಿಂದ ಸುರಿದರೆ ನಮ್ಮ ಕಾಫಿ ಗಿಡವೂ ಹಾಗೆಯೇ ದಾಟುತ್ತದೆ ಅನ್ನುವುದು ಬೇರೆ ಮಾತು. ಈ ಎರಡರ ನಡುವೆ ಇರುವುದನ್ನೇ ಇಲ್ಲಿ ಬಿಡಿಸಿ ಹೇಳಬೇಕು.

ಮೊದಲು ಎಲೆಯೊಳಗೆ ಏನಾಗುತ್ತದೆ ನೋಡೋಣ.

ಕೊಯ್ಲಿನ ದಿನ ನೆನಪಿಸಿಕೊಳ್ಳಿ. ತೋಟದಿಂದ ಚೀಲ ಚೀಲ ಹಣ್ಣು ಬರುತ್ತಲೇ ಇದೆ, ಕಣದಲ್ಲಿ ಹರಡಲು ಜಾಗ ಇಲ್ಲ. ರಾಶಿ ಹಾಕಿದ ಹಣ್ಣು ಸುಮ್ನೆ ಕೂರುವುದಿಲ್ಲ. ಒಳಗೇ ಬಿಸಿಯೇರಿ, ಹುಳಿತು, ಬೆಳಗಾಗುವಷ್ಟರಲ್ಲಿ ಕೆಡುತ್ತದೆ. ಬರದಲ್ಲಿ ಎಲೆಯ ಪಾಡೂ ಇದೇ. ಬಿಸಿಲು ಅಂದರೆ ಬಂದು ಬೀಳುತ್ತಿರುವ ಹಣ್ಣು. ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದು ಸಕ್ಕರೆ ಮಾಡುವ ಕೆಲಸವೇ ಕಣ. ನೀರು ಕಡಿಮೆಯಾದ ಕೂಡಲೇ ಗಿಡ ಎಲೆಯ ಸಣ್ಣ ಸಣ್ಣ ಬಾಯಿಗಳನ್ನು ಮುಚ್ಚಿಬಿಡುತ್ತದೆ, ಯಾಕೆಂದರೆ ಬೇರು ಕುಡಿದ ನೀರಿನಲ್ಲಿ ಬಹುಪಾಲು ಆವಿಯಾಗಿ ಹೋಗುವುದು ಆ ಬಾಯಿಗಳಿಂದಲೇ. ನೀರೇನೋ ಉಳಿಯಿತು. ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಅದೇ ಬಾಗಿಲಿನಿಂದ ಅಲ್ವಾ? ಅದೂ ನಿಂತಿತು. ಬಿಸಿಲು ಮಾತ್ರ ನಿಲ್ಲಲಿಲ್ಲ.

ಈಗ ಬೆಳಕು ಬಿಡಿಸಿದ ಎಲೆಕ್ಟ್ರಾನ್‌ಗಳಿಗೆ ಹೋಗಲು ದಾರಿ ಸಾಲುವುದಿಲ್ಲ. ಅವುಗಳಲ್ಲಿ ಕೆಲವು ಪಕ್ಕದಲ್ಲೇ ಇರುವ ಆಮ್ಲಜನಕಕ್ಕೆ ಹತ್ತಿಕೊಳ್ಳುತ್ತವೆ. ಹಾಗೆ ಹುಟ್ಟುವುದು ಸೂಪರ್‌ಆಕ್ಸೈಡ್. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್, ಅಂದರೆ ಗಾಯ ತೊಳೆಯಲು ಬಳಸುವ, ಬುರುಗು ಬರುವ ಅದೇ ದ್ರವ. ಅದಕ್ಕೆ ಕಬ್ಬಿಣದ ಅಂಶ ತಾಗಿದರೆ ಹೈಡ್ರಾಕ್ಸಿಲ್ ಅನ್ನುವ ಇನ್ನೂ ಕೆಟ್ಟ ಕಣ ಹುಟ್ಟುತ್ತದೆ. ಅದು ಹುಟ್ಟಿದ ಜಾಗದಲ್ಲೇ ಎದುರಿಗೆ ಸಿಕ್ಕಿದ್ದನ್ನು ಸುಡುತ್ತದೆ, ಜೀವಕೋಶದ ಪೊರೆಯ ಕೊಬ್ಬಾಗಲಿ, ಪ್ರೋಟೀನ್ ಆಗಲಿ, ಡಿಎನ್‌ಎ ಆಗಲಿ. ಅದನ್ನು ಹಿಡಿಯುವ ಕಿಣ್ವವೇ ಇಲ್ಲ. ಹುಟ್ಟದ ಹಾಗೆ ನೋಡಿಕೊಳ್ಳುವುದೊಂದೇ ದಾರಿ. ಬಿಸಿಲಿಗೆ ಎಲೆ ಬಿಳಿಚಿಕೊಂಡು ಆಮೇಲೆ ಕಂದು ಕಲೆಯಾಗುತ್ತದಲ್ಲ, ಆ ಕಲೆ ಬರೀ ನೀರಿಲ್ಲದೆ ಒಣಗಿದ್ದಲ್ಲ. ಬೆಳಕು ಜಾಸ್ತಿಯಾಗಿ ಒಳಗಿನಿಂದ ಸುಟ್ಟದ್ದೂ ಅದರಲ್ಲಿ ಸೇರಿದೆ.

ಗಿಡ ಇದಕ್ಕೆ ಕೈಕಟ್ಟಿ ಕೂರುವುದಿಲ್ಲ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಸೂಪರ್‌ಆಕ್ಸೈಡನ್ನು ಹಿಡಿದು ಕೆಲಸಕ್ಕೆ ಬಾರದಂತೆ ಮಾಡುವ ಕಿಣ್ವವೊಂದನ್ನು ತೋರಿಸಿಕೊಟ್ಟರು. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಅಂತ ಅದರ ಹೆಸರು. ಅವರು ಕೆಲಸ ಮಾಡಿದ್ದು ದನದ ರಕ್ತದಲ್ಲಿ, ಆದರೆ ಗಿಡದಲ್ಲೂ ಈ ಕಿಣ್ವ ಇದೆ, ನಮ್ಮಲ್ಲೂ ಇದೆ. ಅದು ಸೂಪರ್‌ಆಕ್ಸೈಡನ್ನು ಪೆರಾಕ್ಸೈಡ್ ಮಾಡಿ ಮುಂದಿನವರ ಕೈಗೆ ಕೊಡುತ್ತದೆ. ಕ್ಯಾಟಲೇಸ್ ಎಂಬ ಕಿಣ್ವ ಅದನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡುತ್ತದೆ. ಎಲೆಯಲ್ಲಿ ಬೆಳಕು ಹಿಡಿದು ಸಕ್ಕರೆ ಮಾಡುವ ಹಸಿರಿನ ಕಣಗಳ ಒಳಗೆ ಕ್ಯಾಟಲೇಸ್ ಇರುವುದಿಲ್ಲ, ಅಲ್ಲಿ ಆ ಕೆಲಸಕ್ಕೆ ಬರುವುದು ವಿಟಮಿನ್ ಸಿ. ಹೌದು, ನೆಲ್ಲಿಕಾಯಿಯಲ್ಲಿ ನಾವು ಹುಡುಕುವ ಅದೇ ವಿಟಮಿನ್ ಸಿ. ಗಿಡ ಅದನ್ನು ಮಾಡಿಕೊಳ್ಳುವುದು ನಮಗೋಸ್ಕರ ಅಲ್ಲ, ತನ್ನ ಎಲೆ ಸುಡದಿರಲಿ ಅಂತ. ಒಮ್ಮೆ ಬಳಸಿದ ವಿಟಮಿನ್ ಸಿ ಖರ್ಚಾಗಿ ಹೋಗುತ್ತದೆ. ಅದನ್ನು ಮತ್ತೆ ಸರಿಮಾಡಿ ಕೆಲಸಕ್ಕೆ ಕಳಿಸಲು ಗ್ಲುಟಾಥಯೋನ್ ಎಂಬ ಇನ್ನೊಂದು ವಸ್ತು ಬೇಕು, ಗ್ಲುಟಾಥಯೋನನ್ನು ಸರಿಮಾಡಲು ಮತ್ತೆ ಶಕ್ತಿ ಬೇಕು. ಹೀಗೆ ಒಬ್ಬರ ಕೈಯಿಂದ ಒಬ್ಬರಿಗೆ ಬಿಂದಿಗೆ ದಾಟಿಸಿ ಬೆಂಕಿ ಆರಿಸಿದ ಹಾಗೆ ಇದು ಸುತ್ತುತ್ತಲೇ ಇರುತ್ತದೆ, ಮಧ್ಯದಲ್ಲಿ ಒಬ್ಬರ ಕೈ ಬಿಟ್ಟುಹೋದರೂ ಇಡೀ ಸಾಲು ನಿಲ್ಲುತ್ತದೆ. ಜೀವಕೋಶದ ಪೊರೆಯ ಕೊಬ್ಬನ್ನು ಕಾಯಲು ವಿಟಮಿನ್ ಇ ಬೇರೆ ಇದೆ. ಬೆಳಕು ಹೆಚ್ಚಾದ ಕೆಲವೇ ನಿಮಿಷಗಳಲ್ಲಿ ಹಳದಿ ಬಣ್ಣದ ಜಿಯಾಕ್ಸಾಂಥಿನ್ ತಯಾರಾಗಿ, ಹೆಚ್ಚಿನ ಬೆಳಕನ್ನು ಬಿಸಿಯಾಗಿ ಹೊರಗೆ ಬಿಡಲು ನೆರವಾಗುತ್ತದೆ. ಮಾವು, ಸಾಗಡೆ ಮರಗಳು ಬೇಸಿಗೆಯಲ್ಲಿ ಕೆಂಪು ಚಿಗುರು ಬಿಡುತ್ತವಲ್ಲ, ಆ ಕೆಂಪು ಆಂಥೊಸಯನಿನ್. ಎಳೆ ಎಲೆಗೆ ಅದು ಕೊಡೆ ಹಿಡಿದ ಹಾಗೆ.

ಇಷ್ಟೆಲ್ಲ ಎಲ್ಲ ಗಿಡಗಳಲ್ಲೂ ಇದೆ. ಬದನೆಯಲ್ಲೂ ಇದೆ, ಬನ್ನಿಮರದಲ್ಲೂ ಇದೆ. ಹಾಗಾದರೆ ಒಣಭೂಮಿಯ ಗಿಡದ ವಿಶೇಷ ಏನು?

ಅದನ್ನು ನೋಡಲು ರಾಜಸ್ಥಾನಕ್ಕೇ ಹೋಗಬೇಕಿಲ್ಲ. ಕೊಡಗು ಅಂದರೆ ಮಳೆ ಅಂತಲೇ ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ಮಳೆ ಬಂದರೆ ಪುಣ್ಯ. ಮಣ್ಣಿಗೆ ಬೇರು ಇಳಿಸಿದ ಮರಕ್ಕೆ ಆ ನಾಲ್ಕು ತಿಂಗಳು ಹೇಗೋ ಕಳೆಯುತ್ತವೆ. ಮರದ ತೊಗಟೆಯ ಮೇಲೆ, ಕಲ್ಲಿನ ಮೇಲೆ ಕೂತ ಗಿಡಕ್ಕೆ? ಅದಕ್ಕೆ ವರ್ಷಕ್ಕೆ ನಾಲ್ಕು ತಿಂಗಳು ಮರುಭೂಮಿಯೇ. ನಮ್ಮ ಮನೆಯ ಹಿಂದೆ ಒಂದು ಹಳೆಯ ಕಲ್ಲುಗೋಡೆ ಇದೆ. ಮಳೆಗಾಲದಲ್ಲಿ ಅದರ ಮೇಲೆ ಹಸಿರು ಪಾಚಿ ದಪ್ಪ ಕಂಬಳಿಯ ಹಾಗೆ ಹೊದ್ದಿರುತ್ತದೆ. ಫೆಬ್ರವರಿಯಲ್ಲಿ ಮುಟ್ಟಿದರೆ ಕೈಯಲ್ಲಿ ಪುಡಿಪುಡಿ, ಬಣ್ಣ ಕಪ್ಪುಗಂದು. ಈ ವರ್ಷ ಬೇಕಂತಲೇ ಒಂದು ಚೊಂಬು ನೀರು ಹಾಕಿ ಪಕ್ಕದಲ್ಲೇ ಕೂತೆ. ಮೊದಲು ಸುರುಟಿಕೊಂಡಿದ್ದ ಪುಟ್ಟ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು, ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನೀರು ಬಿದ್ದ ಕಡೆ ಮಾತ್ರ ಹಸಿರು ತೇಪೆ ಎದ್ದು ಕಾಣುತ್ತಿತ್ತು. ಅದು ಸತ್ತಿರಲಿಲ್ಲ. ಎಲ್ಲ ಕೆಲಸ ನಿಲ್ಲಿಸಿ, ಮಳೆ ಬರುವ ತನಕ ಬಾಗಿಲು ಹಾಕಿಕೊಂಡಿತ್ತು.

ಹೂ ಬಿಡುವ ಗಿಡಗಳಲ್ಲೂ, ಜರೀಗಿಡಗಳಲ್ಲೂ ಹೀಗೆ ಒಣಗಿ ಮತ್ತೆ ಬದುಕುವವು ಇವೆ. ಮೈಯ ನೀರಿನಲ್ಲಿ ನೂರಕ್ಕೆ 95 ಪಾಲು ಕಳೆದುಕೊಂಡರೂ ಇವು ಸಾಯುವುದಿಲ್ಲ. ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯವರು ಪಶ್ಚಿಮ ಘಟ್ಟದಲ್ಲಿ ಇಂಥ 62 ಸಸ್ಯಗಳನ್ನು ಗುರುತಿಸಿ 2022ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ ಇಲ್ಲಿ ಗೊತ್ತಿದ್ದದ್ದು ಬೆರಳೆಣಿಕೆಯಷ್ಟೇ. ಆಫ್ರಿಕಾದ ದಕ್ಷಿಣದಲ್ಲಿ ಇವು ಇನ್ನೂ ಪ್ರಸಿದ್ಧ. ಕೇಪ್‌ಟೌನ್ ವಿಶ್ವವಿದ್ಯಾಲಯದ ಜಿಲ್ ಫ್ಯಾರಂಟ್ ಬಹಳ ವರ್ಷಗಳಿಂದ ಇವುಗಳ ಬೆನ್ನು ಹತ್ತಿದ್ದಾರೆ, ಈ ಗುಣವನ್ನು ಆಹಾರದ ಬೆಳೆಗೆ ತರಬಹುದೇ ಅಂತ.

ಈ ಗಿಡಗಳು ಏನು ಮಾಡುತ್ತವೆ ಅನ್ನುವುದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಕೆಲವು, ಒಣಗಲು ಶುರುವಾದ ಕೂಡಲೇ, ತಮ್ಮ ಹಸಿರನ್ನೇ ಕಳಚಿಹಾಕುತ್ತವೆ. ಬೆಳಕು ಹಿಡಿಯುವ ಯಂತ್ರವೇ ಇಲ್ಲದಿದ್ದರೆ ಸುಡುವ ಮಾತೇ ಇಲ್ಲವಲ್ಲ. ನೀರು ಬಂದ ಮೇಲೆ ಮತ್ತೆ ಮೊದಲಿನಿಂದ ಕಟ್ಟಿಕೊಳ್ಳುತ್ತವೆ. ಇನ್ನು ಕೆಲವು ಹಸಿರನ್ನು ಇಟ್ಟುಕೊಳ್ಳುತ್ತವೆ, ಆದರೆ ಎಲೆಯನ್ನು ಮಡಚಿ, ಸುರುಳಿ ಸುತ್ತಿ, ಹೊರಮೈಗೆ ನೇರಳೆ ಬಣ್ಣ ತುಂಬಿಕೊಂಡು ಬೆಳಕಿಗೆ ಅಡ್ಡ ಹಿಡಿಯುತ್ತವೆ. ಎರಡೂ ಬಗೆಯವು ಜೀವಕೋಶದೊಳಗೆ ಸಕ್ಕರೆ ತುಂಬಿಕೊಳ್ಳುತ್ತವೆ. ನೀರು ಹೋದ ಜಾಗದಲ್ಲಿ ಅದು ಗಟ್ಟಿ ಪಾಕದ ಹಾಗೆ ಕೂತು ಒಳಗಿನ ಸಾಮಾನು ಕುಸಿಯದಂತೆ ಹಿಡಿದುಕೊಳ್ಳುತ್ತದೆ. ಇದೆಲ್ಲದರ ಜೊತೆಗೆ, ಇದೆಲ್ಲದರ ನಂತರ, ಆ್ಯಂಟಿಆಕ್ಸಿಡೆಂಟ್‌ಗಳು. ಒಣಗಿದ ಸ್ಥಿತಿಯಲ್ಲೂ ಕೆಡದೆ ಉಳಿದು, ನೀರು ಮರಳಿದ ಮೊದಲ ಗಳಿಗೆಯಲ್ಲೇ ಕೆಲಸಕ್ಕೆ ಇಳಿಯುವ ಹಾಗೆ ಅವು ಸಿದ್ಧವಾಗಿರುತ್ತವೆ. ಆ ಮೊದಲ ಗಳಿಗೆಯೂ ಅಪಾಯದ್ದೇ, ಎಲ್ಲ ಒಟ್ಟಿಗೆ ಶುರುವಾಗುವಾಗ ಕಿಡಿ ಹಾರುವುದು ಜಾಸ್ತಿ.

ಆ ಕ್ರಮ ಗಮನಿಸಿ. ಮೊದಲು ಬೆಳಕು ಕಡಿಮೆ ಮಾಡಿಕೊಳ್ಳುವುದು. ಆಮೇಲೆ ಮೆಲ್ಲಗೆ ಒಣಗುವುದು. ಉಳಿದ ಕಿಡಿ ಆರಿಸಲು ಆ್ಯಂಟಿಆಕ್ಸಿಡೆಂಟ್. ಇಂಥ ಗಿಡವನ್ನೇ ತಂದು ಕೆಲವೇ ಗಂಟೆಗಳಲ್ಲಿ ಗಡಿಬಿಡಿಯಿಂದ ಒಣಗಿಸಿದರೆ, ಹಲವು ಜಾತಿಗಳು ಮತ್ತೆ ಏಳುವುದೇ ಇಲ್ಲ. ಸಿದ್ಧತೆಗೆ ಅವಕ್ಕೂ ಹೊತ್ತು ಬೇಕು. ನನ್ನ ಪ್ರಕಾರ ನಮ್ಮ ತೋಟಕ್ಕೆ ಬೇಕಾದ ಪಾಠ ಇಡೀ ವಿಷಯದಲ್ಲಿ ಇದೊಂದೇ, ಉಳಿದದ್ದೆಲ್ಲ ಇದರ ವಿವರ.

ಬಯಲುಸೀಮೆಯ ಬೆಳೆಗಳು ಇಷ್ಟು ದೂರ ಹೋಗುವುದಿಲ್ಲ, ಆದರೆ ಜಾಡು ಅದೇ. ರಾಗಿ ನೋಡಿ. ಮಧ್ಯಾಹ್ನದ ಬಿಸಿಲಿಗೆ ಎಲೆ ಸುತ್ತಿಕೊಂಡು ನಿಂತ ರಾಗಿ ಪೈರು ಹದ ಮಳೆ ಬಿದ್ದ ಮೇಲೆ ಎದ್ದು ನಿಲ್ಲುವುದನ್ನು ಶನಿವಾರಸಂತೆ, ಕುಶಾಲನಗರದ ಕಡೆಯವರು ಚೆನ್ನಾಗಿ ಬಲ್ಲರು. ಭಾಗಮಂಡಲದ ಮಳೆಗೂ ಅಲ್ಲಿನ ಮಳೆಗೂ ಹಲವು ಪಟ್ಟು ವ್ಯತ್ಯಾಸ, ಒಂದೇ ಜಿಲ್ಲೆಯಲ್ಲಿ ಎರಡು ಲೋಕ ಇದ್ದ ಹಾಗೆ. ರಾಗಿಕಾಳಿನ ಸಿಪ್ಪೆಯ ಕಂದು ಬಣ್ಣವೂ ಇದೇ ಕುಟುಂಬದ ವಸ್ತುಗಳಿಂದ ಬಂದದ್ದು, ಬಿಳಿ ರಾಗಿಗಿಂತ ಕಂದು ರಾಗಿಯಲ್ಲಿ ಅವು ಹೆಚ್ಚು. ಒಣಭೂಮಿಯಲ್ಲಿ ರಾಗಿ ಬಿತ್ತುವ ಮೊದಲು ಬೀಜವನ್ನು ಕೆಲವು ಗಂಟೆ ನೀರಲ್ಲಿ ನೆನೆಸಿ, ಮತ್ತೆ ನೆರಳಲ್ಲಿ ಒಣಗಿಸಿ ಬಿತ್ತುವ ಕ್ರಮ ಇದೆ. ಬೀಜಕ್ಕೆ ಒಂದು ಸಣ್ಣ ಬರ ತೋರಿಸುವುದು ಅದು. ಹಾಗೆ ಹದಗೊಂಡ ಬೀಜದ ಸಸಿಯಲ್ಲಿ ಈ ಕಿಣ್ವಗಳು ಬೇಗ ಚುರುಕಾಗುತ್ತವೆ ಅಂತ ಬೇರೆ ಬೇರೆ ಬೆಳೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಉಪ್ಪಿನ ವಿಷಯಕ್ಕೆ ಬರುತ್ತೇನೆ. ಕೊಡಗಿಗೂ ಉಪ್ಪಿಗೂ ಏನು ಸಂಬಂಧ ಅನ್ನಬಹುದು. ಮೂರು ವರ್ಷದ ಹಿಂದೆ ನಾನೇ ಮಾಡಿದ ತಪ್ಪು ಹೇಳುತ್ತೇನೆ. ಮೋಡ ಕಟ್ಟಿತ್ತು, ಸಂಜೆ ಮಳೆ ಗ್ಯಾರಂಟಿ ಅಂದುಕೊಂಡು ಎಳೆ ಗಿಡಗಳ ಬುಡಕ್ಕೆ ಪೊಟ್ಯಾಷ್ ಹಾಕಿಸಿದೆ. ಮಳೆ ನಾಲ್ಕು ಹನಿ ಬಿದ್ದು ಹೋಯಿತು. ಆಮೇಲೆ ಎರಡು ವಾರ ಸುಡು ಬಿಸಿಲು. ಎಲೆಯ ಅಂಚು ಸುತ್ತಲೂ ಬೀಡಿಯಿಂದ ಸುಟ್ಟ ಹಾಗೆ ಕಂದಾಗಿ ಒಳಕ್ಕೆ ಹಬ್ಬಿತು. ಮಣ್ಣಲ್ಲಿ ಸ್ವಲ್ಪ ತೇವ ಇತ್ತು, ಆದರೆ ಬೇರಿಗೆ ಅದನ್ನು ಎಳೆದುಕೊಳ್ಳಲು ಆಗಲಿಲ್ಲ. ಉಪ್ಪಿನಕಾಯಿಗೆ ಹಾಕಿದ ಮಾವು ಹೇಗೆ ನೀರು ಬಿಟ್ಟು ಸೊರಗುತ್ತದೋ ಹಾಗೆ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಉಪ್ಪಿನ ಮೊದಲ ಪೆಟ್ಟು ಇದೇ. ನೀರಿದ್ದೂ ಇಲ್ಲದ ಹಾಗೆ, ಅಂದರೆ ಇನ್ನೊಂದು ಬಗೆಯ ಬರ.

ನಿಜವಾದ ಸವುಳು ನೆಲದಲ್ಲಿ ಇದರ ಮೇಲೆ ಎರಡನೇ ಪೆಟ್ಟೂ ಬೀಳುತ್ತದೆ. ತುಂಗಭದ್ರಾ ಕಾಲುವೆಯ ಕೆಳಗೆ ಭತ್ತಕ್ಕೆ ವರ್ಷಗಟ್ಟಲೆ ನೀರು ನಿಲ್ಲಿಸಿ ಸವುಳಾದ ಜಮೀನುಗಳಲ್ಲಿ ಸೋಡಿಯಂ ಮೆಲ್ಲಗೆ ಗಿಡದೊಳಗೆ ಸೇರಿ, ಪೊಟ್ಯಾಸಿಯಂ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಆಗ ಕಿಣ್ವಗಳು ತಡವರಿಸುತ್ತವೆ, ಎಲೆಯ ಕೆಲಸ ಹಿಂದೆ ಬೀಳುತ್ತದೆ, ಮತ್ತೆ ಅದೇ ಕೊಯ್ಲಿನ ಕಣದ ಕಥೆ, ಹಣ್ಣು ಬರುತ್ತಲೇ ಇದೆ, ಹರಡಲು ಜಾಗ ಇಲ್ಲ. ಉಪ್ಪು ಸಹಿಸುವ ಗಿಡಗಳು ಇಲ್ಲೂ ಮೊದಲು ಬಾಗಿಲು ಕಾಯುತ್ತವೆ. ಸೋಡಿಯಂ ಬೇರಿನಲ್ಲೇ ಹೊರಗೆ ತಳ್ಳುತ್ತವೆ, ಒಳಗೆ ಬಂದದ್ದನ್ನು ಜೀವಕೋಶದ ನಡುವಿನ ದೊಡ್ಡ ಚೀಲದಲ್ಲಿ ಕಟ್ಟಿಹಾಕುತ್ತವೆ. ಉಪ್ಪಟಿ ಎಂಬ ಕಾಂಡ್ಲಾ ಗಿಡ ಎಲೆಯಿಂದಲೇ ಉಪ್ಪನ್ನು ಹೊರಗೆ ಹಾಕುತ್ತದೆ, ಎಲೆ ಮೇಲೆ ಬಿಳಿ ಹರಳು ಕಾಣುತ್ತದೆ. ಕುಮಟಾ ಕಡೆ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಸಮುದ್ರದ ನೀರು ಏರಿ ಇಳಿಯುವ ಜಾಗದಲ್ಲೇ ಕಗ್ಗ ಭತ್ತ ಬೆಳೆಯುತ್ತಾರೆ, ಆ ತಳಿ ಉಳಿಸಿಕೊಂಡು ಬಂದ ರೈತರಿಗೆ ನಾವು ಸಾಲದಲ್ಲಿದ್ದೇವೆ. ಆ್ಯಂಟಿಆಕ್ಸಿಡೆಂಟ್ ಕೆಲಸ ಇಲ್ಲೂ ದೊಡ್ಡದೇ, ಆದರೆ ಬಾಗಿಲು ಕಾಯದೆ ಬರೀ ಅದನ್ನೇ ನಂಬಿದ ಗಿಡ ಬಹಳ ದಿನ ನಿಲ್ಲುವುದಿಲ್ಲ.

ಈಗ ಬಾಟಲಿ ಮಾರುವವರು ಹೇಳದ ಒಂದು ಮಾತು. ಹೈಡ್ರೋಜನ್ ಪೆರಾಕ್ಸೈಡ್ ಬರೀ ಕಸ ಅಲ್ಲ, ಸುದ್ದಿಯೂ ಹೌದು. ಅದು ಸ್ವಲ್ಪ ಏರಿದರೆ ತಾನೇ ಗಿಡಕ್ಕೆ ‘ಕಷ್ಟ ಬಂತು, ಸಿದ್ಧವಾಗು’ ಅಂತ ಗೊತ್ತಾಗುವುದು, ಎಲೆಯ ಬಾಯಿ ಮುಚ್ಚುವುದಕ್ಕೂ ಅದು ಬೇಕು. ಇದಕ್ಕೆ ಇತ್ತೀಚಿನ ಉದಾಹರಣೆ ನಮ್ಮ ದೇಶದ್ದೇ. 2025ರ ಮೇ 4ರಂದು ಕೇಂದ್ರ ಸರ್ಕಾರ ಜೀನ್ ತಿದ್ದಿದ ಎರಡು ಭತ್ತದ ತಳಿ ಪ್ರಕಟಿಸಿತು. ಅದರಲ್ಲಿ ಒಂದು ಪೂಸಾ ಡಿಎಸ್‌ಟಿ ರೈಸ್ 1, ನಮ್ಮಲ್ಲೂ ಬೆಳೆಯುವ ಎಂಟಿಯು 1010 ತಳಿಯಿಂದ ಮಾಡಿದ್ದು. ಡಿಎಸ್‌ಟಿ ಎಂಬ ಜೀನ್ ಸಾಮಾನ್ಯವಾಗಿ ಎಲೆಬಾಯಿಯ ಅಂಚಿನ ಜೀವಕೋಶಗಳಲ್ಲಿ ಪೆರಾಕ್ಸೈಡ್ ಕಡಿಮೆ ಇರುವ ಹಾಗೆ ನೋಡಿಕೊಳ್ಳುತ್ತದೆ. ಆ ಜೀನ್ ಕೆಲಸ ಮಾಡದ ಹಾಗೆ ಮಾಡಿದರೆ ಅಲ್ಲಿ ಪೆರಾಕ್ಸೈಡ್ ಏರುತ್ತದೆ, ಬಾಯಿ ಬೇಗ ಮುಚ್ಚುತ್ತದೆ, ನೀರು ಉಳಿಯುತ್ತದೆ. ಬರ ಮತ್ತು ಉಪ್ಪು ಎರಡನ್ನೂ ತಡೆಯಲು ಇಲ್ಲಿ ಹಿಡಿದ ದಾರಿ ಪೆರಾಕ್ಸೈಡ್ ಕಡಿಮೆ ಮಾಡುವುದಲ್ಲ, ಒಂದು ನಿರ್ದಿಷ್ಟ ಜಾಗದಲ್ಲಿ ಹೆಚ್ಚು ಮಾಡುವುದು! ಈ ತಳಿಯ ಇಳುವರಿ ಬಗ್ಗೆ ವಾದ ನಡೆದಿದೆ, ಅದು ಹೊಲದಲ್ಲಿ ತೀರ್ಮಾನ ಆಗಬೇಕಾದ್ದು. ನನಗೆ ಬೇಕಾದ್ದು ಅದರ ಒಳಗಿನ ಲೆಕ್ಕ. ಆ್ಯಂಟಿಆಕ್ಸಿಡೆಂಟ್ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಎಲ್ಲಿ, ಯಾವಾಗ, ಎಷ್ಟು ಅನ್ನುವುದರ ಮೇಲೆ ಎಲ್ಲ ನಿಂತಿದೆ, ಅಡುಗೆಯ ಹದ ಇದ್ದ ಹಾಗೆ.

ಕೊಡಗಿನಲ್ಲಿ ನಾವು ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದುಸೊಪ್ಪಿನ ನೇರಳೆ ಬಣ್ಣದ ರಸ ತೆಗೆದು ಪಾಯಸ ಮಾಡಿ ತಿನ್ನುತ್ತೇವೆ, ಮೈಗೆ ಒಳ್ಳೆಯದು ಅಂತ ನಂಬುತ್ತೇವೆ. ತಿಂದರೆ ನಮಗೆ ಒಳ್ಳೆಯದು, ಹಾಗೇ ಎಲೆಗೆ ಸಿಂಪಡಿಸಿದರೆ ಗಿಡಕ್ಕೂ ಒಳ್ಳೆಯದು ಅನ್ನುವ ಯೋಚನೆ ಬರುವುದು ಸಹಜ. ಆದರೆ ಗಿಡಕ್ಕೆ ಬೇಕಾದ್ದು ಹಸಿರು ಕಣದ ಒಳಗೆ, ಸೂಪರ್‌ಆಕ್ಸೈಡ್ ಹುಟ್ಟಿದ ಆ ಕ್ಷಣದಲ್ಲಿ, ಆ ಜಾಗದಲ್ಲೇ ಇರುವ ಕಿಣ್ವ. ಎಲೆಯ ಮೇಣದ ಹೊರಮೈಗೆ ಬಿದ್ದ ಹನಿ ಅಲ್ಲಿಗೆ ತಲುಪುವುದು ಸುಲಭ ಅಲ್ಲ.

ಇನ್ನು ಕಾಫಿ. ಬ್ರೆಜಿಲ್‌ನವರು ರೊಬಸ್ಟಾ ಗಿಡಗಳ ಮೇಲೆ ಈ ಪ್ರಶ್ನೆಯನ್ನೇ ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಲ್ಲಿ 120 ಎಂಬ ನಂಬರಿನ ಗಿಡ ಬರ ತಡೆಯುತ್ತದೆ, 109ಎ ತಡೆಯುವುದಿಲ್ಲ ಅಂತ ತೋಟದವರಿಗೆ ಅನುಭವದಿಂದಲೇ ಗೊತ್ತಿತ್ತು. 2002ರಲ್ಲಿ ಬಂದ ಅಧ್ಯಯನ ಬರ ತಡೆಯುವ 120ರಲ್ಲಿ ಆ್ಯಂಟಿಆಕ್ಸಿಡೆಂಟ್ ಕಿಣ್ವಗಳು ಹೆಚ್ಚು ಚುರುಕು ಅಂತ ತೋರಿಸಿತು. ಇಷ್ಟಕ್ಕೇ ನಿಲ್ಲಿಸಿದರೆ ಬಾಟಲಿಯವರ ಮಾತು ಸರಿ ಅನ್ನಿಸುತ್ತದೆ. ಆದರೆ ಅದೇ ವಿಜ್ಞಾನಿಗಳ ಬಳಗ ಇನ್ನೂ ಅಗೆಯಿತು, ನಿಜಕ್ಕೂ ಬೇರು ಅಗೆದು ನೋಡಿತು. 2005ರಲ್ಲಿ ಪ್ರಕಟವಾದ ಅವರ ಮುಂದಿನ ಬರಹದ ತಲೆಬರಹದಲ್ಲೇ ಉತ್ತರ ಇದೆ, ಬರ ತಡೆಯುವ ಗುಣ ಬೇರಿನ ಆಳಕ್ಕೆ ಮತ್ತು ಎಲೆಬಾಯಿಯ ಹಿಡಿತಕ್ಕೆ ಅಂಟಿಕೊಂಡಿದೆ ಅಂತ. ನಾನು ಇದನ್ನು ಹೀಗೆ ಓದುತ್ತೇನೆ. ಆಳಕ್ಕೆ ಬೇರು ಬಿಟ್ಟು ನೀರನ್ನು ಹಿಡಿದು ಖರ್ಚು ಮಾಡುವ ಗಿಡಕ್ಕೆ ಬರ ತಡವಾಗಿ, ಮೆಲ್ಲಗೆ ಬರುತ್ತದೆ, ಆ ಹೊತ್ತಿನಲ್ಲಿ ಅದು ತನ್ನ ಆ್ಯಂಟಿಆಕ್ಸಿಡೆಂಟ್ ಸಿದ್ಧ ಮಾಡಿಕೊಳ್ಳುತ್ತದೆ. ಮೇಲ್ಬೇರಿನ ಗಿಡಕ್ಕೆ ಬರ ದಿಢೀರ್ ಬಂದು ಬಡಿಯುತ್ತದೆ.

ಕಾಫಿ ಎಲೆಗೆ ಇನ್ನೊಂದು ಸ್ವಭಾವ ಇದೆ. ಅದು ಹುಟ್ಟಿದ್ದು ಆಫ್ರಿಕಾದ ಕಾಡಿನ ನೆರಳಲ್ಲಿ. ಪೂರ್ತಿ ಬಿಸಿಲಿನ ಮೂರನೇ ಒಂದು ಭಾಗಕ್ಕೂ ಕಡಿಮೆ ಬೆಳಕಿಗೇ ಅದರ ಹೊಟ್ಟೆ ತುಂಬುತ್ತದೆ, ಉಳಿದದ್ದೆಲ್ಲ ಕಣದಲ್ಲಿ ಜಾಗ ಇಲ್ಲದ ಹಣ್ಣು. ನೀರು ಇರುವ ತನಕ ಹೇಗೋ ಸಂಭಾಳಿಸುತ್ತದೆ. ನೀರು ಇಲ್ಲದಾಗ ಅದೇ ಬೆಳಕು ಬೆಂಕಿ.

ನನಗೆ ಚಿಂತೆ ಇರುವುದು ಇಲ್ಲೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸಾರಿದರು, ಕೊಡಗೂ ಆ ಪಟ್ಟಿಯಲ್ಲಿ ಸೇರಿತ್ತು. 2024ರ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತು, ಮೆಣಸಿನ ಬಳ್ಳಿ ಮರದ ಮೇಲೇ ಒಣಗಿ ನೇತಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದರ ಬೆನ್ನಿಗೇ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಬೆಲೆ ಬಂದಾಗ ಯಾರಿಗೆ ತಾನೇ ಇನ್ನೊಂದು ನಾಲ್ಕು ಚೀಲ ಬೇಡ? ನೆರಳು ತೆಗೆದರೆ ಹಣ್ಣು ಜಾಸ್ತಿ ಅನ್ನುವ ಮಾತಿಗೆ ಮರಗಳು ಹೋದವು. ಅತ್ತಿ, ಬಸರಿ, ಹಾಲವಾಣ ಮೊದಲೇ ಕಡಿಮೆಯಾಗಿದ್ದವು, ಈಗ ಸಿಲ್ವರ್ ಓಕೂ ಕಡಿಮೆ. ಒಳ್ಳೆಯ ನೀರು, ಸ್ಪ್ರಿಂಕ್ಲರ್ ಇದ್ದವರಿಗೆ ಒಂದಷ್ಟು ವರ್ಷ ಲಾಭ ಆಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಕೆರೆ ಬತ್ತಿದ ವರ್ಷ, ಹೊಳೆಯಿಂದ ನೀರೆತ್ತಬೇಡಿ ಅಂದ ವರ್ಷ, ಆ ಗಿಡಗಳಿಗೆ ಮೇಲೆ ಕೊಡೆಯೂ ಇಲ್ಲ, ಕೆಳಗೆ ನೀರೂ ಇಲ್ಲ. ಹತ್ತು ವರ್ಷ ನೆರಳಲ್ಲಿ ಬೆಳೆದ ಎಲೆ ತೆಳ್ಳಗೆ ಅಗಲವಾಗಿರುತ್ತದೆ, ಅದರಲ್ಲಿ ಬೆಂಕಿ ಆರಿಸುವ ಸಾಮಾನು ಕಡಿಮೆ. ಜನವರಿಯಲ್ಲಿ ಮರ ಇಳಿಸಿ ಫೆಬ್ರವರಿಯ ಬಿಸಿಲಿಗೆ ಅದನ್ನು ಒಡ್ಡಿದರೆ ಅದು ತಯಾರಾಗುವುದು ಯಾವಾಗ? ಬಿಸಿಲಿಗೇ ಹುಟ್ಟಿದ ಎಲೆ ದಪ್ಪ, ಚಿಕ್ಕದು, ಒಳಗೆ ಸಾಮಾನು ತುಂಬಿಕೊಂಡೇ ಬರುತ್ತದೆ. ಆದರೆ ಅಂಥ ಎಲೆ ಹೊಸದಾಗಿ ಹುಟ್ಟಿ ಬರಬೇಕು, ಹಳೆಯದು ರಾತ್ರೋರಾತ್ರಿ ಬದಲಾಗುವುದಿಲ್ಲ.

ಬರ ಪೂರ್ತಿ ಕೆಟ್ಟದ್ದು ಅಂತಲೂ ಅಲ್ಲ, ಕಾಫಿ ಬೆಳೆಯುವವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಮೊಗ್ಗು ಒಣಹವೆಗೆ ಕಾದು ಕೂತಿದ್ದು, ಹೂಮಳೆ ಬಿದ್ದ ಮೇಲೆ ತೋಟಕ್ಕೆ ತೋಟವೇ ಒಟ್ಟಿಗೆ ಬಿಳಿಯಾಗುವುದು. ಒಣ ತಿಂಗಳುಗಳೇ ಇಲ್ಲದಿದ್ದರೆ ಹೂವು ಒಂದೊಂದು ಕಾಲಕ್ಕೆ ಒಂದಿಷ್ಟು ಅರಳಿ ಕೊಯ್ಲು ಮುಗಿಯುವುದೇ ಇಲ್ಲ. ಅಂದರೆ ಈ ಗಿಡಕ್ಕೆ ಬರದ ಪರಿಚಯ ಇದೆ, ಅದಕ್ಕೆ ತನ್ನದೇ ಮದ್ದೂ ಇದೆ. ಅದು ತಡೆಯಲಾರದ್ದು ಒಂದೇ ಸಲಕ್ಕೆ ಬಂದೆರಗುವ ಬಿಸಿಲು ಮತ್ತು ಬರವನ್ನು.

ಬಾಟಲಿಗಳ ಬಗ್ಗೆ ನ್ಯಾಯವಾಗಿ ಹೇಳಬೇಕು. ಎಲ್ಲವೂ ಮೋಸ ಅಲ್ಲ. ಕಡಲಕಳೆ ರಸದಂಥವುಗಳ ಮೇಲೆ ಒಳ್ಳೆಯ ಪ್ರಯೋಗಗಳು ನಡೆದಿವೆ, ಬರ ಬರುವ ಮೊದಲೇ ಕೊಟ್ಟರೆ ಗಿಡ ತನ್ನ ಕಿಣ್ವಗಳನ್ನು ಚುರುಕು ಮಾಡಿಕೊಂಡದ್ದು ಕೆಲವು ಬೆಳೆಗಳಲ್ಲಿ ಕಂಡಿದೆ. ಗಮನಿಸಿ, ಅಲ್ಲೂ ಬಾಟಲಿ ಕೊಟ್ಟದ್ದು ಬರೀ ಸೂಚನೆ, ಮದ್ದು ಮಾಡಿಕೊಂಡದ್ದು ಗಿಡವೇ. ಎಲೆ ಬಾಡಿ ಜೋತುಬಿದ್ದ ಮೇಲೆ ಹೊಡೆದರೆ ಸೂಚನೆ ಕೇಳುವವರೇ ಇರುವುದಿಲ್ಲ. ಎಲೆಬಾಯಿ ಮುಚ್ಚಿದೆ, ನೀರಿಲ್ಲ, ಶಕ್ತಿ ಇಲ್ಲ. ಸರ್ಕಾರ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ಬಯೋಸ್ಟಿಮ್ಯುಲೆಂಟ್, ಅಂದರೆ ಗಿಡವನ್ನು ಚುರುಕು ಮಾಡುವ ಇಂಥ ವಸ್ತುಗಳನ್ನು ಕಾನೂನಿನ ಒಳಗೆ ತಂದಿತು. ಅದರ ವರ್ಗಗಳಲ್ಲಿ ಆ್ಯಂಟಿಆಕ್ಸಿಡೆಂಟ್ ಅನ್ನುವುದೂ ಒಂದು. ಮೊದಲು ಸುಮಾರು 30,000 ಉತ್ಪನ್ನಗಳು ತಪಾಸಣೆ ಇಲ್ಲದೆ ಮಾರಾಟವಾಗುತ್ತಿದ್ದವು, ಬಿಗಿ ಮಾಡಿದ ಮೇಲೆ ಅದು ಸುಮಾರು 650ಕ್ಕೆ ಇಳಿಯಿತು ಅಂತ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ 2025ರ ಜುಲೈಯಲ್ಲಿ ಹೇಳಿದರು. ಅಷ್ಟು ವರ್ಷ ರೈತರು ಏನೇನು ಹೊಡೆದಿರಬಹುದು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಕೊಳ್ಳುವುದೇ ಆದರೆ ಚೀಟಿಯ ಮೇಲೆ ಅನುಮತಿಯ ವಿವರ ಇದೆಯಾ, ಯಾವ ಬೆಳೆಗೆ ಅಂತ ಬರೆದಿದೆಯಾ ನೋಡಿ. ಭತ್ತದಲ್ಲಿ ಪರೀಕ್ಷೆ ಮಾಡಿದ್ದು ಕಾಫಿಗೂ ಆಗುತ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ, ಒಂದು ಫೋನು ಮಾಡಿ ಕೇಳಲು ಏನೂ ಖರ್ಚಿಲ್ಲ.

ಹುಡುಗನಿಗೆ ಮಾರ್ಚ್‌ನಲ್ಲಿ ನಾನು ಕೊನೆಗೆ ಹೇಳಿದ್ದು, ಆ ದುಡ್ಡು ಇಟ್ಟುಕೋ ಅಂತ. ಅವನ ತೋಟದಲ್ಲಿ ಮರ ಇಳಿಸಿದ ಎರಡು ಎಕರೆ ಬಿಟ್ಟು ಉಳಿದ ಕಡೆ ಗಿಡ ಅಷ್ಟೊಂದು ಬಾಡಿರಲಿಲ್ಲ, ಅದನ್ನು ಅವನೇ ತೋರಿಸಿದ. ಇಬ್ಬರೂ ಸೇರಿ ಆ ಎರಡು ಎಕರೆಯಲ್ಲಿ ಬುಡದ ಸುತ್ತ ತರಗು ಹಾಕಿಸಿದೆವು, ಗೇಣು ದಪ್ಪ. ವಾರದ ನಂತರ ಸರಿಸಿ ನೋಡಿದರೆ ಕೆಳಗಿನ ಮಣ್ಣು ತಣ್ಣಗೆ, ಹಿಡಿದರೆ ಉಂಡೆಯಾಗುತ್ತಿತ್ತು, ತರಗು ಇಲ್ಲದ ಕಡೆ ಗುದ್ದಲಿ ಟಣ್ ಅಂತ ಸದ್ದು ಮಾಡಿತು. ಸುಟ್ಟ ಎಲೆ ಮತ್ತೆ ಹಸಿರಾಗಲಿಲ್ಲ, ಆಗುವುದೂ ಇಲ್ಲ. ಹಾಲವಾಣದ ಗೂಟಗಳನ್ನು ಈ ಮಳೆಗಾಲಕ್ಕೆ ಮತ್ತೆ ನೆಡುತ್ತಾನಂತೆ.

ಇನ್ನೊಂದು ಕೆಲಸವನ್ನೂ ಒಟ್ಟಿಗೆ ಶುರು ಮಾಡಿದ್ದೇವೆ. ನರ್ಸರಿಯ ಸಸಿಗಳನ್ನು ಪ್ಯಾಕೆಟ್‌ನಿಂದ ಸೀದಾ ಬಯಲಿಗೆ ನೆಟ್ಟು ಕಳೆದುಕೊಂಡದ್ದು ಇಬ್ಬರಿಗೂ ನೆನಪಿದೆ. ಹಾಗಾಗಿ ಈ ಸಲ ಚಪ್ಪರದ ಸೊಪ್ಪನ್ನು ವಾರಕ್ಕೆ ಒಂದಿಷ್ಟರಂತೆ ತೆಗೆಯುತ್ತಿದ್ದೇವೆ, ನೀರನ್ನೂ ದಿನಾ ಕೊಡುವ ಬದಲು ಮಣ್ಣಿನ ಮೇಲ್ಪದರ ಸ್ವಲ್ಪ ಆರಿದ ಮೇಲೆ ಕೊಡುತ್ತೇವೆ. ಹಳಬರಿಗೆ ಇದು ಗೊತ್ತಿದ್ದದ್ದೇ, ನಾವೇ ಅವಸರದಲ್ಲಿ ಬಿಟ್ಟಿದ್ದೆವು. ಒಂದು ಸಾಲನ್ನು ಮಾತ್ರ ಹೋಲಿಸಿ ನೋಡಲು ಪೂರ್ತಿ ನೆರಳಲ್ಲೇ ಬಿಟ್ಟಿದ್ದೇವೆ. ನಿನ್ನೆ ಸಂಜೆ ಹುಡುಗ ಬಂದು ಎರಡೂ ಸಾಲಿನಿಂದ ಒಂದೊಂದು ಹೊಸ ಎಲೆಯನ್ನು ಬೆರಳುಗಳ ನಡುವೆ ಹಿಡಿದು ಬಹಳ ಹೊತ್ತು ಉಜ್ಜಿ ನೋಡಿದ. ಆಮೇಲೆ ಕೇಳಿದ, “ಬಿಸಿಲಿಂದು ಸ್ವಲ್ಪ ದಪ್ಪ ಅನ್ನಿಸ್ತಿದೆ, ಅಲ್ವಾ ಅಕ್ಕ?”